ಕಾಮಿಕ್ ಕಲಾವಿದರ ಸಹಿಗೆ ದುಡ್ಡು ಕೊಡಬೇಕೆ?

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಊರು ತೀರ್ಥಹಳ್ಳಿ ಕಡೆ. ಅಕ್ಟೋಬರ್‌ನಲ್ಲಿ ಹನ್ನೊಂದು ವರ್ಷದ ಮಗನನ್ನು ನ್ಯೂಯಾರ್ಕ್ ಕಾಮಿಕ್ ಕಾನ್ ಮೇಳಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೋದ ವರ್ಷ ಒಬ್ಬನೇ ಹೋಗಿದ್ದಾಗ ಚಿತ್ರಕಾರರೊಬ್ಬರ ಮೇಜಿನ ಮೇಲೆ 'ಮೊದಲ ಸಹಿ ಉಚಿತ, ಆಮೇಲೆ ಒಂದಕ್ಕೆ 20 ಡಾಲರ್, ಸಿಜಿಸಿಗಾದರೆ 50' ಎಂದು ಬೋರ್ಡ್ ಇತ್ತು (ಸಿಜಿಸಿ ಎಂದರೆ ಕಾಮಿಕ್ಸ್‌ಗೆ ದರ್ಜೆ ಕೊಟ್ಟು ಸೀಲ್ ಮಾಡುವ ಕಂಪನಿ). ಅಷ್ಟು ದುಬಾರಿ ಟಿಕೆಟ್ ಕೊಂಡು ಒಳಗೆ ಬಂದವರ ಹತ್ತಿರ ಸಹಿಗೂ ಕಾಸು ಕೇಳುವುದು ಸರಿಕಾಣದೆ ವಾಪಸ್ ಬಂದೆ. ನನ್ನ ಬಳಿ 1991ರ ಎಕ್ಸ್-ಮೆನ್ ಕಾಮಿಕ್‌ನ ಒಂದನೇ ಸಂಚಿಕೆ ಇದೆ, ಮ್ಯಾಗ್ನಿಟೊ ಇರುವ ಮುಖಪುಟದ್ದು. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಹಿಂಬದಿಯಲ್ಲಿ ಅಂಗಡಿಯವರು ಬಾಲ್ ಪೆನ್ನಿನಲ್ಲಿ ಬೆಲೆ ಬರೆದಿದ್ದಾರೆ. ಅದಕ್ಕೆ ಸಹಿ ಹಾಕಿಸಿ ಸಿಜಿಸಿ ಡಬ್ಬಿಗೆ ಸೇರಿಸಿದರೆ ಮಗನ ಕಾಲೇಜು ಫೀಸಿಗೆ ಒದಗುತ್ತದೆ ಎಂದು ಭಾವಮೈದ ಹೇಳುತ್ತಾನೆ. ನಿಜವೇ? ಸಹಿ ಹಾಕಿಸುವಾಗ ಏನೇನು ನೋಡಿಕೊಳ್ಳಬೇಕು? ಆಮೇಲೆ ಊರಿನ ಮನೆಗೆ ಒಯ್ದಿಟ್ಟರೆ ಮಳೆಗಾಲಕ್ಕೆ ಹಾಳಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಸಹಿಗೆ ಹಣ ಕೇಳುವುದು ನ್ಯಾಯವೇ ಎಂಬುದು ಒಂದು, ಹಾಕಿದ ಹಣ ತಿರುಗಿ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ, ನಿಮ್ಮ ಪುಸ್ತಕದ ಮಟ್ಟಿಗೆ, ಇಲ್ಲ.

ಟಿಕೆಟ್ಟಿನ ವಿಷಯ ಮೊದಲು ಮುಗಿಸೋಣ. ನೀವು ಕೊಟ್ಟ ದುಡ್ಡು ಹೋಗುವುದು ಮೇಳ ನಡೆಸುವವರಿಗೆ; ನ್ಯೂಯಾರ್ಕಿನಲ್ಲಿ ಅದು ರೀಡ್‌ಪಾಪ್ ಕಂಪನಿ. 2006ರಿಂದ ಜಾವಿಟ್ಸ್ ಸೆಂಟರ್‌ನಲ್ಲಿ ಈ ಮೇಳ ನಡೆಯುತ್ತಿದೆ. ಆರ್ಟಿಸ್ಟ್ ಆಲಿಯಲ್ಲಿ ಸಾಲಾಗಿ ಕೂತಿರುವ ಚಿತ್ರಕಾರರಲ್ಲಿ ಟಿಕೆಟ್ ಹಣದ ಪಾಲು ಬರುವವರು ಇಲ್ಲವೆಂದೇ ಹೇಳಬಹುದು. ಸಂಘಟಕರೇ ಕರೆಸಿಕೊಂಡ ಕೆಲವು ಅತಿಥಿಗಳಿಗೆ ಪ್ರಯಾಣ, ವಸತಿಯ ಖರ್ಚು ಸಿಗುತ್ತದೆ. ಉಳಿದವರು ಮೇಜಿನ ಬಾಡಿಗೆ, ವಿಮಾನ, ಮ್ಯಾನ್‌ಹಟನ್‌ನಲ್ಲಿ ನಾಲ್ಕು ರಾತ್ರಿಯ ಹೋಟೆಲ್ ಎಲ್ಲವನ್ನೂ ಕೈಯಿಂದ ಹಾಕಿಕೊಂಡು ಬಂದಿರುತ್ತಾರೆ. ಪ್ರಿಂಟು, ಸ್ಕೆಚ್ಚು, ಸಹಿ ಇವುಗಳಿಂದಲೇ ಆ ಖರ್ಚನ್ನು ಹುಟ್ಟಿಸಬೇಕು.

ಇದರ ಬೇರು ಇನ್ನೂ ಆಳದಲ್ಲಿದೆ. ಅಮೆರಿಕದ ದೊಡ್ಡ ಪ್ರಕಾಶಕರಲ್ಲಿ ಚಿತ್ರಕಾರನಿಗೆ ಸಿಗುವುದು ಪುಟಕ್ಕಿಷ್ಟು ಎಂಬ ಕೂಲಿ. ಪಾತ್ರದ ಹಕ್ಕು ಕಂಪನಿಯದು. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅದರ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟವರು. ಮುಪ್ಪಿನಲ್ಲಿ ಕಷ್ಟಕ್ಕೆ ಬಿದ್ದ ಅವರಿಗೆ 1975ರಲ್ಲಿ ಪ್ರಕಾಶನದ ಒಡೆತನವಿದ್ದ ವಾರ್ನರ್ ಕಂಪನಿ ವರ್ಷಾಶನ ಕೊಡಲು ಒಪ್ಪಿತು, ಅದೂ ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್‌ರಂಥ ಚಿತ್ರಕಾರರು ಪತ್ರಿಕೆಗಳವರೆಗೂ ವಿಷಯ ಒಯ್ದು ಗದ್ದಲ ಎಬ್ಬಿಸಿದ ಮೇಲೆ. ಹೆಸರಾಂತ ಚಿತ್ರಕಾರ ಜ್ಯಾಕ್ ಕರ್ಬಿ ತಾವು ಬಿಡಿಸಿದ ಮೂಲ ಪುಟಗಳನ್ನು ಮಾರ್ವೆಲ್ ಪ್ರಕಾಶನದಿಂದ ವಾಪಸ್ ಪಡೆಯಲು 1980ರ ದಶಕದಲ್ಲಿ ವರ್ಷಗಟ್ಟಲೆ ಹೆಣಗಿದರು, ಸಿಕ್ಕಿದ್ದು ಸ್ವಲ್ಪವೇ. ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ, ರಾಯಲ್ಟಿ ಸಿಗುವುದುಂಟು. ಆದರೂ ಬಹುಪಾಲು ಮಂದಿ ಫ್ರೀಲಾನ್ಸರ್‌ಗಳು; ಅವರಿಗೆ ಪಿಂಚಣಿಯಿಲ್ಲ, ಆರೋಗ್ಯ ವಿಮೆ ಕಟ್ಟಿಕೊಡುವ ಕಂಪನಿಯಿಲ್ಲ. ಕಾಯಿಲೆ ಬಿದ್ದ ಕಾಮಿಕ್ ಕಲಾವಿದರ ಆಸ್ಪತ್ರೆ ಬಿಲ್ಲು, ಮನೆ ಬಾಡಿಗೆಗೆ ನೆರವಾಗಲೆಂದೇ 2000ದಲ್ಲಿ ಒಂದು ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ಹೀರೊ ಇನಿಷಿಯೇಟಿವ್. ಕೆಲವು ಮೇಜುಗಳ ಮೇಲೆ 'ಸಹಿ ಉಚಿತ, ಇಷ್ಟವಿದ್ದರೆ ಹಾಕಿ' ಎಂದು ಅದರ ಡಬ್ಬಿ ಇಟ್ಟಿರುತ್ತಾರೆ. ಅಲ್ಲಿ ಐದು ಡಾಲರ್ ಹಾಕಲು ಹಿಂದೆಮುಂದೆ ನೋಡಬೇಡಿ.

ಹಾಗಾದರೆ ಆ ಬೋರ್ಡಿನಲ್ಲಿ ಮೂರು ದರ ಏಕೆ? ಅದೇ 2000ದಲ್ಲಿ ಸಿಜಿಸಿ ಎಂಬ ಕಂಪನಿ ಶುರುವಾಯಿತು. ಕಾಮಿಕ್ಸ್‌ನ ಸ್ಥಿತಿಯನ್ನು 0.5ರಿಂದ 10ರವರೆಗೆ ಅಳೆದು, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಸೀಲ್ ಮಾಡಿಕೊಡುವುದು ಅದರ ವ್ಯವಹಾರ. ಆ ಕವಚವನ್ನೇ ಎಲ್ಲರೂ ಸ್ಲ್ಯಾಬ್ ಎನ್ನುವುದು. ಸ್ಲ್ಯಾಬ್ ಬಂದ ಮೇಲೆ ಸಹಿ ವ್ಯಾಪಾರದ ಸರಕಾಯಿತು. ಹತ್ತು ಪ್ರತಿ ತಂದು ಬಿಟ್ಟಿ ಸಹಿ ಹಾಕಿಸಿಕೊಂಡು, ಸೋಮವಾರದ ಹೊತ್ತಿಗೆ ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವವರು ಸಾಲಿನಲ್ಲಿ ತುಂಬಿಕೊಂಡರು. ಅವರನ್ನು ಫ್ಲಿಪ್ಪರ್ ಎಂದು ಕರೆಯುತ್ತಾರೆ. ಆ ಲಾಭದಲ್ಲಿ ನನ್ನ ಪಾಲೆಲ್ಲಿ ಎಂದು ಚಿತ್ರಕಾರ ಕೇಳಿದ್ದರ ಫಲವೇ 50 ಡಾಲರ್‌ನ ಸಾಲು. ಮೊದಲನೆಯದು ಉಚಿತ ಎನ್ನುವುದು ನಿಮ್ಮಂಥವರಿಗೆ, ಒಂದು ಪುಸ್ತಕ ಹಿಡಿದು ಬರುವ ಅಪ್ಪ-ಮಗನಿಗೆ. ನಡುವಿನ 20 ಡಾಲರ್, ಜನರ ಸಾಲು ಬೇಗ ಕರಗಲಿ ಎಂದು. ಅಂದರೆ ನೀವು ಬೇಸರಪಟ್ಟು ವಾಪಸ್ ಬಂದ ಆ ಮೇಜಿನಲ್ಲಿ ನಿಮಗೆ ಬೇಕಾಗಿದ್ದ ಸಹಿ ಉಚಿತವಾಗಿಯೇ ಸಿಗುತ್ತಿತ್ತು.

ದರ ಒಬ್ಬೊಬ್ಬರದು ಒಂದೊಂದು. ಬರಹಗಾರರು, ಇಂಕರ್‌ಗಳು (ಪೆನ್ಸಿಲ್ ಗೆರೆಗಳ ಮೇಲೆ ಮಸಿ ಎಳೆಯುವವರು), ಬಣ್ಣ ತುಂಬುವವರಲ್ಲಿ ಹಣ ಕೇಳದವರೂ ಇದ್ದಾರೆ. ಹೆಸರಾಂತ ಚಿತ್ರಕಾರರಲ್ಲಿ ಐದು ಡಾಲರ್‌ನಿಂದ ನೂರು ದಾಟುವವರೆಗೂ ಇದೆ. ಸಿನಿಮಾ, ಟಿವಿ ನಟರ ಆಟೋಗ್ರಾಫ್ ವಿಭಾಗವೇ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಮುಂಗಡ ಟಿಕೆಟ್, ಫೋಟೊಗೆ ಇನ್ನೊಂದು ಟಿಕೆಟ್, ನಡುವೆ ಏಜೆಂಟರು, ಎಲ್ಲ ಇರುತ್ತಾರೆ. ಪ್ರಕಾಶಕರ ಮಳಿಗೆಗಳಲ್ಲಿ ನಡೆಯುವ ಸಹಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಉಚಿತ, ಆದರೆ ಬೆಳಿಗ್ಗೆಯೇ ಕೈಪಟ್ಟಿ ಹಂಚಿ ಅಥವಾ ಲಾಟರಿ ಎತ್ತಿ ಸಾಲು ಮುಚ್ಚಿಬಿಡುತ್ತಾರೆ. ಹೋಗುವ ವಾರ ಪ್ರಕಾಶಕರ ಸಾಮಾಜಿಕ ಜಾಲತಾಣದ ಪುಟಗಳಲ್ಲಿ ವೇಳಾಪಟ್ಟಿ ನೋಡಿಕೊಳ್ಳಿ.

ಈಗ ನಿಮ್ಮ ಭಾವಮೈದನ ಲೆಕ್ಕ. ಎಕ್ಸ್-ಮೆನ್ 1, ಅಕ್ಟೋಬರ್ 1991, ಕಥೆ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ಜಿಮ್ ಲೀ. ಐದು ಬೇರೆ ಬೇರೆ ಮುಖಪುಟಗಳಲ್ಲಿ ಬಂತು. ಮೊದಲ ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಒಂದೇ ದೊಡ್ಡ ಚಿತ್ರವಾಗುತ್ತದೆ, ಐದನೆಯದು ಅದೇ ಚಿತ್ರದ ಮಡಿಕೆ ಮುಖಪುಟ. ಅಂಗಡಿಗಳಿಗೆ ಹೋದದ್ದು 80 ಲಕ್ಷಕ್ಕೂ ಹೆಚ್ಚು ಪ್ರತಿ. ಅತಿ ಹೆಚ್ಚು ಮಾರಾಟವಾದ ಒಂದೇ ಕಾಮಿಕ್ ಸಂಚಿಕೆ ಎಂಬ ಗಿನ್ನೆಸ್ ದಾಖಲೆ ಇದರದು. ಮುಂದೆ ಬೆಲೆ ಬರುತ್ತದೆಂದು ಜನ ಐದೈದು, ಹತ್ತತ್ತು ಪ್ರತಿ ಕೊಂಡು ಓದದೆ ಇಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಬೆಲೆ ಬರಲಿಲ್ಲ. ಇವತ್ತಿಗೂ ಅಮೆರಿಕದ ಕಾಮಿಕ್ ಅಂಗಡಿಯ ಹಳೆ ಸಂಚಿಕೆಗಳ ಪೆಟ್ಟಿಗೆಯಲ್ಲಿ ಕೆಲವೇ ಡಾಲರ್‌ಗೆ ಒಳ್ಳೆಯ ಪ್ರತಿಯೇ ಸಿಗುತ್ತದೆ.

ಇಂಥದಕ್ಕೆ 50 ಡಾಲರ್‌ನ ಸಹಿ, ಮೇಲೆ ಗ್ರೇಡಿಂಗ್ ಶುಲ್ಕ, ಸಹಿ ಹಾಕುವುದನ್ನು ಕಣ್ಣಾರೆ ನೋಡುವ ಸಾಕ್ಷಿಯ ಶುಲ್ಕ, ವಿಮೆ ಸಹಿತ ವಾಪಸ್ ಕಳಿಸುವ ಖರ್ಚು ಸೇರಿಸಿದರೆ ನೂರು ಡಾಲರ್ ದಾಟಲು ತಡವಿಲ್ಲ. ಮೂಗಿಗಿಂತ ಮೂಗುತಿ ಭಾರ. ಸ್ಲ್ಯಾಬ್ ಮಾಡಿಸಿ ಗಿಟ್ಟಬೇಕಾದರೆ 9.8 ಬರಬೇಕು, ಯಾಕೆಂದರೆ ಈ ಸಂಚಿಕೆಯ 9.8 ಪ್ರತಿಗಳೇ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ನಿಮ್ಮದರ ಹಿಂಬದಿಯಲ್ಲಿ ಬಾಲ್ ಪೆನ್ನಿನ ಬೆಲೆಯಿದೆ. ಅದರ ಒತ್ತು ಗುರುತು ಕಾಗದದಲ್ಲಿ ಇಳಿದಿರುತ್ತದೆ. ಮುಖಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದು ಬೆನ್ನಿನ ಕಡೆ ನೋಡಿ: ಸ್ಟೇಪಲ್ ಪಿನ್ನಿನ ಸುತ್ತ ಬಣ್ಣ ಒಡೆದು ಬಿಳಿ ಗೆರೆಗಳು ಕಾಣುತ್ತವೆಯೇ? ಅವನ್ನು ಸ್ಪೈನ್ ಟಿಕ್ ಎನ್ನುತ್ತಾರೆ. ನಾಲ್ಕಾರು ಕಂಡರೆ 9ರ ಆಸೆಯನ್ನೂ ಬಿಡಬಹುದು.

ಸಹಿ ಬಿದ್ದ ತಕ್ಷಣ ಬೆಲೆ ಏರುತ್ತದೆ ಎನ್ನುವುದೂ ಅರ್ಧ ಸತ್ಯವೇ. ಸಿಜಿಸಿಯ ಸಿಗ್ನೇಚರ್ ಸೀರೀಸ್‌ನ ಹಳದಿ ಲೇಬಲ್ ಸಿಗಬೇಕಾದರೆ ಅವರ ಅಧಿಕೃತ ಸಾಕ್ಷಿಯ ಕಣ್ಣೆದುರೇ ಪೆನ್ನು ಕಾಗದಕ್ಕೆ ತಾಗಬೇಕು. ಸಾಕ್ಷಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಹಿಯಾದ ಕೂಡಲೇ ಪುಸ್ತಕ ಅವರ ಕೈಗೆ ಹೋಗುತ್ತದೆ, ಮನೆಗೆ ಒಯ್ದು ಆಮೇಲೆ ಕಳಿಸುತ್ತೇನೆ ಎಂದರೆ ನಡೆಯದು. ಅಲ್ಲಿಂದ ಫ್ಲಾರಿಡಾದ ಸರಸೋಟಕ್ಕೆ ಹೋಗಿ, ಸೀಲಾಗಿ ವಾಪಸ್ ಬರಲು ತಿಂಗಳುಗಳೇ ಹಿಡಿಯಬಹುದು. ಸಾಕ್ಷಿಯಿಲ್ಲದೆ ಬಿದ್ದ ಸಹಿಗೆ ಎಷ್ಟೇ ಫೋಟೊ, ವಿಡಿಯೊ ತೋರಿಸಿದರೂ ಹಳದಿ ಲೇಬಲ್ ಇಲ್ಲ. ಅಂಥ ಪುಸ್ತಕಕ್ಕೆ ಬಹುಕಾಲ ಅವರು ಹಚ್ಚುತ್ತಿದ್ದದ್ದು ಹಸಿರು ಲೇಬಲ್, ಅಂದರೆ ಮುಖಪುಟದ ಮೇಲೆ ಯಾರದೋ ಬರಹವಿದೆ ಎಂಬ ದೋಷದ ಗುರುತು. ಹಳೆಯ ಸಹಿಯನ್ನು ಮಾದರಿಗಳೊಂದಿಗೆ ಹೋಲಿಸಿ ದೃಢೀಕರಿಸುವ ಸೇವೆಗಳೂ ಇವೆ, ಸಿಬಿಸಿಎಸ್ ಅಂಥದ್ದು. ಅವರು ಕೊಡುವುದು ಪರಿಣತರ ಅಭಿಪ್ರಾಯ, ಕಣ್ಣಾರೆ ಕಂಡ ಸಾಕ್ಷ್ಯದಷ್ಟು ಬೆಲೆ ಅದಕ್ಕೆ ಸಿಗುವುದು ಕಡಿಮೆ. ಇನ್ನು ಮಾರಾಟಗಾರರು ತಾವೇ ಮುದ್ರಿಸಿ ಕೊಡುವ 'ಅಸಲಿ ಪ್ರಮಾಣಪತ್ರ'. ಒಂದು ಪ್ರಿಂಟರ್ ಇದ್ದರೆ ಅದನ್ನು ಯಾರು ಬೇಕಾದರೂ ಮಾಡಬಹುದು. ಮೇಳದ ಮಳಿಗೆಯಲ್ಲಿ ಸಹಿಯಿರುವ ಪುಸ್ತಕ ಮಾರಾಟಕ್ಕಿದ್ದರೆ ಚಿತ್ರಕಾರರ ಸ್ವಂತ ಮೇಜಿನಿಂದ ಕೊಳ್ಳಿ, ಪಕ್ಕದ ವ್ಯಾಪಾರಿಯ ಪ್ರಮಾಣಪತ್ರ ನೋಡಿ ಮರುಳಾಗಬೇಡಿ.

ಇನ್ನೊಂದು ತೊಡಕು. ಜಿಮ್ ಲೀ ಈಗ ಡಿಸಿ ಎಂಬ ಕಾಮಿಕ್ ಪ್ರಕಾಶನ ಸಂಸ್ಥೆಯನ್ನು ನಡೆಸುವವರಲ್ಲಿ ಒಬ್ಬರು. ಆಲಿಯಲ್ಲಿ ಮೇಜು ಹಾಕಿಕೊಂಡು ದಿನವಿಡೀ ಕೂರುವುದು ಅಪರೂಪ. ಕ್ಲೇರ್‌ಮಾಂಟ್ ಮೇಳಗಳಿಗೆ ಆಗಾಗ ಬರುತ್ತಿರುತ್ತಾರೆ. ಮೊದಲ ಪುಟಗಳಲ್ಲಿರುವ ಹೆಸರಿನ ಪಟ್ಟಿಯನ್ನು ಅತಿಥಿಗಳ ಪಟ್ಟಿಗೆ ತಾಳೆ ಹಾಕಿ ಯಾರು ಸಿಗುತ್ತಾರೆ ನೋಡಿ. ಇಂಕ್ ಮಾಡಿದ ಸ್ಕಾಟ್ ವಿಲಿಯಮ್ಸ್ ಹೆಸರೂ ಅದರಲ್ಲಿದೆ. ಚಿತ್ರಕಾರರ ಮುಂದೆ ಅವರು ಬಿಡಿಸದ ಸಂಚಿಕೆಯನ್ನು ಚಾಚುವ ಮುಜುಗರವೂ ಇದರಿಂದ ತಪ್ಪುತ್ತದೆ, ಅದು ನೀವಂದುಕೊಂಡದ್ದಕ್ಕಿಂತ ಹೆಚ್ಚು ಸಲ ನಡೆಯುತ್ತದೆ.

ಹಾಗಾದರೆ ನನ್ನ ಸಲಹೆ: ಈ ಪುಸ್ತಕಕ್ಕೆ ಮಗನ ಹೆಸರು ಬರೆಸಿಯೇ ಸಹಿ ಹಾಕಿಸಿ. ಹೆಸರು ಬಿದ್ದರೆ ಮರುಮಾರಾಟದ ಬೆಲೆ ಇಳಿಯುತ್ತದೆ ಎನ್ನುವುದು ನಿಜ. ಅದೇ ಕಾರಣಕ್ಕೆ, ಹೆಸರು ಬರೆಸಿಕೊಳ್ಳುವವರಿಂದ ಹಲವು ಚಿತ್ರಕಾರರು ಕಾಸು ತೆಗೆದುಕೊಳ್ಳುವುದಿಲ್ಲ, ಎರಡು ಮಾತೂ ಹೆಚ್ಚು ಆಡುತ್ತಾರೆ. ಸ್ಲ್ಯಾಬ್‌ಗೆ ಹಾಕಿದರೆ ಹುಡುಗ ಅದನ್ನು ಬಿಡಿಸಿ ಓದುವಂತಿಲ್ಲ. ಓದಲೆಂದು ಒಡೆದರೆ ಹಳದಿ ಲೇಬಲ್‌ನ ಮಾನ್ಯತೆ ಅಲ್ಲಿಗೇ ಮುಗಿಯಿತು. ಮುಂದೆ ಅಪರೂಪದ, ಒಳ್ಳೆ ಸ್ಥಿತಿಯ ಸಂಚಿಕೆ ಕೈಗೆ ಬಂದರೆ ಆಗ ಸಾಕ್ಷಿಯ ದಾರಿ ಹಿಡಿಯಿರಿ, ಅದಕ್ಕೆ ಹೆಸರು ಬರೆಸಬೇಡಿ.

ತಯಾರಿ ಮನೆಯಲ್ಲೇ ಆಗಬೇಕು. ಈ ಕಾಲದ ಸಂಚಿಕೆಗೆ ಕರೆಂಟ್ ಸೈಜ್ ಎಂದು ಮಾರುವ ಚೀಲ ಸಾಕು, ಸುಮಾರು ಆರು ಮುಕ್ಕಾಲು ಇಂಚು ಅಗಲ, ಹತ್ತೂವರೆ ಉದ್ದದ್ದು, ಒಳಗೆ ಆಮ್ಲರಹಿತ ರಟ್ಟು. ಚೀಲದ ಬಾಯಿಗೆ ಹಚ್ಚಿರುವ ಟೇಪನ್ನು ಹಿಂದಿನ ರಾತ್ರಿಯೇ ಕಿತ್ತುಬಿಡಿ. ಸಾಲಿನಲ್ಲಿ ನಿಂತು ಅವಸರದಲ್ಲಿ ಪುಸ್ತಕ ಎಳೆಯುವಾಗ ಮಡಿಕೆಯ ಟೇಪು ಮುಖಪುಟಕ್ಕೆ ಅಂಟಿ ಬಣ್ಣದ ಪದರವನ್ನೇ ಎತ್ತಿಕೊಂಡು ಬರುತ್ತದೆ. ಮೇಳದಲ್ಲಿ ಪುಸ್ತಕ ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಮಗನ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಚೀಟಿಯ ಮೇಲೆ ಬರೆದು ಚೀಲಕ್ಕೆ ಅಂಟಿಸಿ, ಪುಸ್ತಕಕ್ಕಲ್ಲ. ಬಾಯಲ್ಲಿ ಹೇಳಿದರೆ ಆ ಗದ್ದಲದಲ್ಲಿ ನಮ್ಮ ಹೆಸರುಗಳು ಏನಾಗುತ್ತವೆಂದು ಅಮೆರಿಕದ ಕಾಫಿ ಲೋಟಗಳ ಮೇಲೆ ನೋಡಿರುತ್ತೀರಿ.

ಪೆನ್ನು ನೀವೇ ಒಯ್ಯಿರಿ. ಮಿರುಗುವ ಮುಖಪುಟಕ್ಕೆ ಸಣ್ಣ ಮೊನೆಯ ಶಾರ್ಪಿ ಮಾರ್ಕರ್ ಸರಿ. ಬಾಲ್ ಪೆನ್ನು ಜಾರುತ್ತದೆ, ಒತ್ತಿದರೆ ಗುರುತು ಬೀಳುತ್ತದೆ. ಗಾಢ ಬಣ್ಣದ ಜಾಗಕ್ಕೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಪೆನ್ನು ಬೇಕು. ಅದನ್ನು ಮೊದಲೇ ಅಲುಗಾಡಿಸಿ, ರದ್ದಿ ಕಾಗದದ ಮೇಲೆ ಮೊನೆ ಒತ್ತಿ ಬಣ್ಣ ಇಳಿಸಿ ಕೊಡಿ, ಇಲ್ಲದಿದ್ದರೆ ಮೊದಲ ಅಕ್ಷರದಲ್ಲೇ ದೊಡ್ಡ ಹನಿ ಉದುರುತ್ತದೆ. ಒಳಪುಟದಲ್ಲಿ ಸಹಿ ಬೇಕಿದ್ದರೆ ಶಾರ್ಪಿ ಬೇಡ. ಮೃದು ಕಾಗದದಲ್ಲಿ ಮಸಿ ಹಿಂಬದಿಗೆ ಇಳಿಯುತ್ತದೆ. ಪಿಗ್ಮಾ ಮೈಕ್ರಾನ್‌ನಂಥ ಪಿಗ್ಮೆಂಟ್ ಮಸಿಯ ಪೆನ್ನು ಅಲ್ಲಿಗೆ ಸರಿಯಾದದ್ದು. ಎಲ್ಲಿ ಸಹಿ ಬೇಕೆಂದು ಬೆರಳಿಟ್ಟು ತೋರಿಸಿ, ಪಾತ್ರದ ಮುಖದ ಮೇಲೆ ಬೇಡವೆಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಜಾಗ ತಪ್ಪಲೇಬಾರದು ಎನ್ನುವವರು ಚೀಲದಲ್ಲಿ ಆ ಜಾಗದಷ್ಟೇ ಚೌಕ ಕಿಟಕಿ ಕತ್ತರಿಸಿ ಕೊಡುತ್ತಾರೆ. ಕತ್ತರಿಸುವಾಗ ಪುಸ್ತಕ ಒಳಗಿರಬಾರದು ಎಂದು ಬೇರೆ ಹೇಳಬೇಕಿಲ್ಲ.

ಸಹಿಯಾದ ಮೇಲಿನ ಹತ್ತು ನಿಮಿಷ ಬಹಳ ಮುಖ್ಯ. ಶಾರ್ಪಿ ಕೆಲವು ನಿಮಿಷಕ್ಕೆ ಒಣಗುತ್ತದೆ, ಪೇಂಟ್ ಪೆನ್ನಿಗೆ ಕಾಲು ಗಂಟೆ ಕೊಡಿ. ಅಷ್ಟರೊಳಗೆ ಚೀಲಕ್ಕೆ ತುರುಕಿದರೆ ಸಹಿ ಪ್ಲಾಸ್ಟಿಕ್ಕಿಗೆ ಅಂಟಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿಯುತ್ತದೆ. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ. ರಟ್ಟಿನ ಮೇಲೆ ಮಲಗಿಸಿ, ಗೋಡೆ ಪಕ್ಕಕ್ಕೆ ಹೋಗಿ ಹಿಡಿದು ನಿಲ್ಲಿ. ಹುಡುಗನ ಕೈಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾನೆ.

ದಿನ ಯಾವುದು ಎಂದರೆ, ಶಾಲೆಗೆ ರಜೆ ಹಾಕಿಸಲು ಮನೆಯಲ್ಲಿ ಒಪ್ಪಿದರೆ ಗುರುವಾರ. ಶನಿವಾರ ಆಲಿಯಲ್ಲಿ ಹೆಜ್ಜೆ ಇಡಲೂ ಜಾಗವಿರುವುದಿಲ್ಲ. ಐದು, ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ. ಫೋನಿನಲ್ಲಿ ಪಾವತಿ ಹಲವರು ತೆಗೆದುಕೊಳ್ಳುತ್ತಾರೆ, ಆದರೆ ಸಾವಿರಾರು ಜನ ತುಂಬಿದ ಸಭಾಂಗಣದಲ್ಲಿ ಸಿಗ್ನಲ್ ಕೈಕೊಡುತ್ತದೆ. ನಿಮಗಿಬ್ಬರಿಗೆ ಮೂರು ನಾಲ್ಕು ಪುಸ್ತಕ ಸಾಕು. ಮೇಜು ಖಾಲಿಯಿದ್ದರೆ ಹೊರಟುಹೋದರೆಂದು ಭಾವಿಸಬೇಡಿ, ಗೋಷ್ಠಿಗೋ ಊಟಕ್ಕೋ ಹೋಗಿರುತ್ತಾರೆ, ವಾಪಸಾಗುವ ಸಮಯದ ಚೀಟಿ ಅಲ್ಲೇ ಇರುತ್ತದೆ.

ಸಹಿಗೆ ಕೊಡುವ ಹಣ ಇನ್ನೂ ಮನಸ್ಸಿಗೆ ಒಗ್ಗದಿದ್ದರೆ ಅದೇ 20 ಡಾಲರ್‌ಗೆ ಆ ಚಿತ್ರಕಾರರಿಂದ ಒಂದು ಪ್ರಿಂಟ್ ಕೊಳ್ಳಿ. ಸಹಿ ಅದರ ಮೇಲೆ ತಾನಾಗಿ ಬರುತ್ತದೆ, ಕೊಂಡವರ ಪುಸ್ತಕಕ್ಕೂ ಬೇಡವೆನ್ನುವವರು ಕಡಿಮೆ. ನನ್ನನ್ನು ಕೇಳಿದರೆ ಹನ್ನೊಂದರ ಹುಡುಗನಿಗೆ ಎಲ್ಲಕ್ಕಿಂತ ಹಿಡಿಸುವುದು ಸ್ಕೆಚ್. ಸಹಿಯ ಪಕ್ಕದಲ್ಲೇ ಪುಟ್ಟ ಮುಖ ಬಿಡಿಸಿಕೊಡುವುದನ್ನು ರಿಮಾರ್ಕ್ ಎನ್ನುತ್ತಾರೆ. ಸಹಿಗಿಂತ ದುಬಾರಿ, ಪೂರ್ಣ ಚಿತ್ರಕ್ಕಿಂತ ಅಗ್ಗ. ಪೂರ್ಣ ಚಿತ್ರ ಬೇಕಿದ್ದರೆ ಮೊದಲ ದಿನ ಬಾಗಿಲು ತೆರೆದ ಕೂಡಲೇ ಹೆಸರು ಬರೆಸಬೇಕು, ಪಟ್ಟಿ ಬೇಗ ತುಂಬುತ್ತದೆ. ಮನೆಗೆ ಒಯ್ದು ಬಿಡಿಸಿ ಕಳಿಸುತ್ತೇನೆ ಎಂದರೆ ಅರ್ಧ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ, ಇಮೇಲ್‌ನಲ್ಲಿ ಅಳತೆ, ಪಾತ್ರ, ಬೆಲೆ, ಗಡುವು ಬರೆಸಿಕೊಳ್ಳಿ. ಮೋಸ ಕಡಿಮೆ, ಆದರೆ ತಡ ಮಾತ್ರ ಸರ್ವೇಸಾಮಾನ್ಯ. ಅಂಚೆಯಲ್ಲಿ ಪುಸ್ತಕ ಕಳಿಸಿ ಮಧ್ಯವರ್ತಿಯ ಮೂಲಕ ಸಹಿ ಹಾಕಿಸುವ ದಾರಿಯೂ ಇದೆ. ಪುಸ್ತಕ ನಿಮ್ಮ ಕಣ್ಣಿಂದ ಮರೆಯಾಗುವುದರಿಂದ, ಮೊದಲ ಸಲದವರಿಗೆ ನಾನು ಅದನ್ನು ಹೇಳುವುದಿಲ್ಲ.

ರಜೆಗೆ ಬರುವ ದಿನಗಳು ಹೊಂದಿಕೆಯಾದರೆ ಬೆಂಗಳೂರಿನ ಕಾಮಿಕ್ ಕಾನ್ ನೋಡಿ. 2012ರಿಂದ ನಡೆಯುತ್ತಿದೆ, ಬಹಳಷ್ಟು ಸಲ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಆವರಣದಲ್ಲಿ. ಅಲ್ಲಿ ಭಾರತೀಯ ಕಾಮಿಕ್ಸ್‌ನವರು ಮಳಿಗೆಯಲ್ಲಿ ತಾವೇ ನಿಂತು ಮಾರುತ್ತಾರೆ, ಪುಸ್ತಕ ಕೊಂಡರೆ ಸಾಮಾನ್ಯವಾಗಿ ಸಹಿ ಬಿಟ್ಟಿ, ಹಲವರು ಚಿಕ್ಕ ಸ್ಕೆಚ್ಚನ್ನೂ ಹಾಕಿಕೊಡುತ್ತಾರೆ. ನಿಮ್ಮ ಎಕ್ಸ್-ಮೆನ್‌ಗೆ ಸಂಬಂಧಪಟ್ಟವರು ಅಲ್ಲಿ ಸಿಗುವುದು ಕಷ್ಟ.

ಕೊನೆಯದಾಗಿ ತೀರ್ಥಹಳ್ಳಿಯ ಮಳೆ. ಹೌದು, ಹಾಳಾಗುತ್ತದೆ, ಆದರೆ ತಡೆಯಬಹುದು. ಮೊದಲು ಹೋಗುವುದು ಸ್ಟೇಪಲ್ ಪಿನ್ನು. ತುಕ್ಕು ಹಿಡಿದು ಸುತ್ತಲ ಕಾಗದಕ್ಕೆ ಕಂದು ಕಲೆ ಇಳಿಯುತ್ತದೆ. ಆಮೇಲೆ ಬೂಷ್ಟು, ಅದರ ಹಿಂದೆ ಬೆಳ್ಳಿಹುಳ. ಅಗ್ಗದ ಪಾಲಿಪ್ರೊಪಿಲೀನ್ ಚೀಲವನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಊರಲ್ಲಿಡುವುದಕ್ಕೆ ಮೈಲಾರ್ ಚೀಲ ತೆಗೆದುಕೊಳ್ಳಿ, ದುಬಾರಿಯಾದರೂ ಹಳದಿಯಾಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ಅಟ್ಟದ ಮೇಲಂತೂ ಬೇಡವೇ ಬೇಡ. ನುಸಿಗುಳಿಗೆ ಹಾಕಬೇಡಿ. ಫ್ರೇಮ್ ಹಾಕಿಸಿ ಜಗಲಿಯಲ್ಲಿ ತೂಗುಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಬಿಸಿಲು ತಾಗುವ ಕಡೆ ಶಾರ್ಪಿಯ ಸಹಿ ಮುದ್ರಣದ ಬಣ್ಣಕ್ಕಿಂತ ಮೊದಲೇ ಮಾಸುತ್ತದೆ. ಒಯ್ಯುವುದಾದರೆ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಒಯ್ದು, ಒಣ ಹವೆಯಿರುವಾಗಲೇ ಡಬ್ಬಿ ಮುಚ್ಚಿ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಎಕ್ಸ್-ರೇಯಿಂದ ಕಾಗದಕ್ಕೇನೂ ಆಗದು. ಮಳೆಗಾಲಕ್ಕೆ ಮುಂಚೆ ಮನೆಯವರಿಗೆ ಫೋನ್ ಮಾಡಿ ಸಿಲಿಕಾ ಪೊಟ್ಟಣ ಬದಲಿಸಲು ಹೇಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯ ಮುಚ್ಚಳ ತೆಗೆಯದಿರಲಿ.